ಊಟ ಒಲ್ಲದ ಕೂಸಿಗೆ ಡಬ್ಬಿಯ ಪೇಯ ಬೇಕೆ?

ಒಲೆಯಿಂದ ಇಳಿಸಿದ ಗಟ್ಟಿ ರಾಗಿ ಸರಿಯ ಬಿಸಿ ಸ್ವಲ್ಪ ಇಳಿದ ಮೇಲೆ ಅದಕ್ಕೆ ಒಂದು ಚಮಚ ಮೊಳಕೆ ರಾಗಿಯ ಹಿಟ್ಟನ್ನು ಬೆರೆಸಿ ಕಲಕಿದರೆ, ತೊಟ್ಟು ನೀರು ಸೇರಿಸದಿದ್ದರೂ ಅದು ಕೆಲವೇ ನಿಮಿಷಗಳಲ್ಲಿ ಕುಡಿಯುವ ಹದಕ್ಕೆ ತೆಳ್ಳಗಾಗುತ್ತದೆ. ಗೌರಿಬಿದನೂರು ಅಥವಾ ಚಿಂತಾಮಣಿಯ ಯಾವ ಅಡುಗೆಮನೆಯಲ್ಲಾದರೂ ಕಣ್ಣಾರೆ ನೋಡಬಹುದಾದ ಈ ಬದಲಾವಣೆ ಅಚ್ಚರಿ ಹುಟ್ಟಿಸುವಂಥದ್ದು. ಅದಕ್ಕಿಂತ ಹೆಚ್ಚಿನ ಅಚ್ಚರಿಯೆಂದರೆ, ಅದೇ ಊರುಗಳ ಔಷಧ ಅಂಗಡಿಗಳ ಕಪಾಟಿನಲ್ಲಿ ಸಾಲಾಗಿ ನಿಂತ ಪೌಷ್ಟಿಕ ಪೇಯಗಳಲ್ಲಿ ಬಹು ಹಳೆಯದು ಹುಟ್ಟಿದ್ದು ಇದೇ ಮೊಳಕೆಯ ಗುಣದಿಂದ. ಊಟದ ತಟ್ಟೆ ಕಂಡರೆ ಮುಖ ತಿರುಗಿಸುವ ಒಂದೂವರೆ, ಎರಡು ವರ್ಷದ ಕೂಸಿಗೆಂದು ತಿಂಗಳ ಸಂಪಾದನೆಯಲ್ಲಿ ಒಂದು ಪಾಲನ್ನು ಇಂಥ ಡಬ್ಬಿಗಳಿಗೆ ಎತ್ತಿಡುವ ಕುಟುಂಬಗಳು, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕಾರ್ಮಿಕರಿಂದ ಹಿಡಿದು ಚಿಕ್ಕಬಳ್ಳಾಪುರದ ನೌಕರರವರೆಗೆ, ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಕೂಸಿನ ಹಸಿವಿನ ವಿಚಾರ. ಹುಟ್ಟುವಾಗ ಮೂರು ಕೆ.ಜಿ. ಇದ್ದ ಮಗು ವರ್ಷ ತುಂಬುವ ಹೊತ್ತಿಗೆ ಸುಮಾರು ಅದರ ಮೂರರಷ್ಟು ತೂಗುತ್ತದೆ. ಎರಡನೆಯ ವರ್ಷದಲ್ಲಿ ಅದೇ ಮಗು ಗಳಿಸುವುದು ಎರಡು, ಎರಡೂವರೆ ಕೆ.ಜಿ. ಮಾತ್ರ. ಬೆಳವಣಿಗೆಯ ವೇಗ ಇಷ್ಟು ತಗ್ಗಿದಾಗ ಹಸಿವೂ ತಗ್ಗುವುದು ಸಹಜವಾದ ದೇಹಧರ್ಮ. ಇದೇ ವಯಸ್ಸಿನಲ್ಲಿ ಪರಿಚಯವಿಲ್ಲದ ತಿನಿಸಿನ ಬಗ್ಗೆ ಅಳುಕು ಹುಟ್ಟುತ್ತದೆ, ನಡೆಯಲು ಕಲಿತ ಕಾಲು ಒಂದೆಡೆ ಕೂರಲು ಒಪ್ಪುವುದಿಲ್ಲ. ಹೀಗಾಗಿ ‘ಮಗು ಏನೂ ತಿನ್ನುತ್ತಿಲ್ಲ’ ಎಂಬ ತಾಯಂದಿರ ದೂರು ಬಹುಪಾಲು ಸಂದರ್ಭಗಳಲ್ಲಿ ಕಾಯಿಲೆಯ ಸೂಚನೆಯಲ್ಲ. ಮಗುವಿನ ಬೆಳವಣಿಗೆಯನ್ನು ಅಳೆಯುವ ಸಾಧನ ಅಂಗನವಾಡಿಯ ತಕ್ಕಡಿ ಮತ್ತು ತಾಯಿ ಕಾರ್ಡಿನ ಬೆಳವಣಿಗೆ ರೇಖೆ. ಆ ರೇಖೆ ಹಸಿರು ಪಟ್ಟಿಯೊಳಗೆ ಮೇಲೇರುತ್ತಿರುವವರೆಗೆ ಮಗು ಬಿಟ್ಟ ತುತ್ತಿನ ಬಗ್ಗೆ ಗಾಬರಿಪಡಬೇಕಾಗಿಲ್ಲ.

ಡಬ್ಬಿಯ ಚರಿತ್ರೆ ಚಿಕ್ಕದು. ಇಂಗ್ಲೆಂಡ್ ಮೂಲದ ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಸಹೋದರರು 1873ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಉದ್ಯಮ ಆರಂಭಿಸಿ, ಮೊಳಕೆ ಬರಿಸಿದ ಬಾರ್ಲಿ, ಗೋಧಿ ಮತ್ತು ಹಾಲನ್ನು ಸೇರಿಸಿ ಒಣಗಿಸಿದ ಪುಡಿಗೆ 1883ರಲ್ಲಿ ಪೇಟೆಂಟ್ ಪಡೆದರು. ಅದು ಎಳೆಮಕ್ಕಳಿಗೂ ರೋಗಿಗಳಿಗೂ ಸುಲಭವಾಗಿ ಜೀರ್ಣವಾಗಲೆಂದು ತಯಾರಾದ ಆಹಾರವಾಗಿತ್ತು. ಎರಡು ವರ್ಷದೊಳಗಿನ ಮಕ್ಕಳ ಆಹಾರವನ್ನು ಜಾಹೀರಾತಿನ ಮೂಲಕ ಪ್ರಚಾರ ಮಾಡುವುದನ್ನು ಭಾರತದಲ್ಲಿ 1992ರ ಶಿಶು ಹಾಲಿನ ಬದಲಿಗಳ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿ ನಿಷೇಧಿಸಿವೆ; ಆದ್ದರಿಂದಲೇ ಜಾಹೀರಾತಿನ ಪೇಯಗಳು ಎರಡು ವರ್ಷ ದಾಟಿದವರನ್ನು ಕುರಿತು ಮಾತನಾಡುತ್ತವೆ. ‘ಆರೋಗ್ಯ ಪೇಯ’ ಎಂಬುದಕ್ಕೆ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲವೆಂಬ ಕಾರಣಕ್ಕೆ, ಕೇಂದ್ರ ವಾಣಿಜ್ಯ ಸಚಿವಾಲಯವು 2024ರ ಏಪ್ರಿಲ್‌ನಲ್ಲಿ ಆ ಹೆಸರಿನ ವಿಭಾಗದಿಂದ ಬೋರ್ನ್‌ವಿಟಾ ಮೊದಲಾದ ಪೇಯಗಳನ್ನು ತೆಗೆಯುವಂತೆ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು.

ಈಗ ಮೊಳಕೆಯ ವಿಚಾರಕ್ಕೆ ಮರಳಬಹುದು. ರಾಗಿಯನ್ನು ತೊಳೆದು ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ಒಂದೆರಡು ದಿನಗಳಲ್ಲಿ ಬಿಳಿಯ ಮೊಳಕೆ ಒಡೆಯುತ್ತದೆ. ಎಳೆಯ ಸಸಿಗೆ ಆಹಾರ ಒದಗಿಸಲು ಕಾಳು ತನ್ನಲ್ಲೇ ಅಮೈಲೇಸ್ ಎಂಬ ಕಿಣ್ವವನ್ನು, ಅಂದರೆ ಪಿಷ್ಟವನ್ನು ಕತ್ತರಿಸಿ ಸಕ್ಕರೆಯಾಗಿಸುವ ರಾಸಾಯನಿಕವನ್ನು, ಉತ್ಪಾದಿಸಿಕೊಳ್ಳುತ್ತದೆ. ಹೀಗೆ ಮೊಳೆತು ಒಣಗಿದ ಧಾನ್ಯವೇ ಮಾಲ್ಟ್. ಬೆಂದ ಪಿಷ್ಟವು ನೀರು ಹೀರಿ ಉಬ್ಬುವುದರಿಂದ ಸರಿ ಗಟ್ಟಿಯಾಗುತ್ತದೆ, ಅದನ್ನು ತಿನ್ನಿಸಲು ನೀರು ಬೆರೆಸಿ ತೆಳ್ಳಗೆ ಮಾಡಿದರೆ ಬಟ್ಟಲು ತುಂಬಿದರೂ ಶಕ್ತಿ ತುಂಬುವುದಿಲ್ಲ, ಕೆ.ಜಿ. ತೂಕಕ್ಕೆ ಸುಮಾರು 30 ಮಿ.ಲೀ. ಮಾತ್ರ ಹಿಡಿಯುವ ಮಗುವಿನ ಹೊಟ್ಟೆಗೆ ಇದು ದೊಡ್ಡ ತೊಡಕು. ಮೊಳಕೆ ಹಿಟ್ಟು ಈ ತೊಡಕನ್ನು ಬಿಡಿಸುತ್ತದೆ, ಏಕೆಂದರೆ ಕಿಣ್ವವು ಉಬ್ಬಿದ ಪಿಷ್ಟವನ್ನು ಒಡೆದಾಗ ಹೆಚ್ಚು ಹಿಟ್ಟು ಕಡಿಮೆ ನೀರಿನಲ್ಲೇ ತೆಳ್ಳಗಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಸಿಕಾಚಾರ್ ಅವರು ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ರೂಪಿಸಿದ ಇಂಥದೊಂದು ಶಿಶು ಆಹಾರವನ್ನು 1982ರಲ್ಲಿ ಪ್ರಕಟಿಸಿದರು. ಬರೋಡಾದಲ್ಲಿ ತಾರಾ ಗೋಪಾಲದಾಸ್ ಅವರ ಸಂಶೋಧನೆಯೂ ಇದೇ ಕಿಣ್ವದ ಗುಣವನ್ನು ಆಧರಿಸಿತ್ತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕಬ್ಬಿಣವನ್ನು ದೇಹಕ್ಕೆ ದಕ್ಕದಂತೆ ಹಿಡಿದಿಡುವ ಫೈಟೇಟ್ ಎಂಬ ಅಂಶ ಮೊಳಕೆಯಲ್ಲಿ ತಕ್ಕಮಟ್ಟಿಗೆ ಇಳಿಯುತ್ತದೆ. ಒಣಗಿಸಿದ ಮೊಳಕೆಯನ್ನು ಹೆಚ್ಚು ಬಿಸಿಯಲ್ಲಿ ಹುರಿದರೆ ಕಿಣ್ವ ಸಾಯುತ್ತದೆ. ಹಿಟ್ಟು ಬೆರೆಸಿ ತೆಳ್ಳಗಾದ ಸರಿಯನ್ನು ಮತ್ತೊಮ್ಮೆ ಕುದಿಸಿಯೇ ಕೊಡಬೇಕು.

ಚಿಕ್ಕಬಳ್ಳಾಪುರ ಜಿಲ್ಲೆಗೂ ರಾಗಿ ಪೇಯಕ್ಕೂ ಈಗ ಹೊಸ ನಂಟು ಬೆಳೆದಿದೆ. ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲಿ ನೆಲೆಗೊಂಡ ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್ ರೂಪಿಸಿದ ರಾಗಿ ಮಿಶ್ರಣವನ್ನು, 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲಿನೊಡನೆ ಬೆರೆಸಿ ಶಾಲಾ ಮಕ್ಕಳಿಗೆ ವಾರದಲ್ಲಿ ಮೂರು ದಿನ ಕೊಡುವ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಆರಂಭಿಸಿತು. ರಾಗಿ ಬೆಳೆಯುವ ನೆಲದಿಂದಲೇ ರಾಗಿಯ ಲೋಟ ಹೊರಟಿರುವುದು ಹೆಮ್ಮೆಯ ಸಂಗತಿ. ಆದರೆ ಅದು ಶಾಲಾ ವಯಸ್ಸಿನ ಮಕ್ಕಳಿಗಾಗಿ ರೂಪಿಸಿದ್ದೇ ಹೊರತು ಎರಡು ವರ್ಷದ ಕೂಸಿನ ಊಟಕ್ಕೆ ಬದಲಿಯಲ್ಲ ಎಂಬುದನ್ನೂ ನೆನಪಿಡಬೇಕು.

ಏಕೆಂದರೆ ಡಬ್ಬಿಯದಾಗಲಿ, ಮನೆಯದಾಗಲಿ, ಪೇಯವು ಹೊಟ್ಟೆ ತುಂಬಿಸುತ್ತದೆಯೇ ಹೊರತು ಉಣ್ಣುವುದನ್ನು ಕಲಿಸುವುದಿಲ್ಲ. ಮಧ್ಯಾಹ್ನ ಮುದ್ದೆ ಬಿಟ್ಟ ಮಗುವಿಗೆ ಕೂಡಲೇ ಸಿಹಿ ಲೋಟ ಸಿಕ್ಕರೆ, ತಟ್ಟೆ ತಳ್ಳಿದರೆ ಸಿಹಿ ಬರುತ್ತದೆಂಬ ಪಾಠವನ್ನು ಅದು ಬೇಗ ಕಲಿಯುತ್ತದೆ, ರಾತ್ರಿಯ ಹಸಿವೂ ಸಾಯುತ್ತದೆ. ದಿನಕ್ಕೆ ಅರ್ಧ ಲೀಟರು ಮೀರಿ ಹಾಲು ಕುಡಿಯುವ ಮಗುವಿಗೆ ಕಬ್ಬಿಣದ ಕೊರತೆ ತಲೆದೋರುವ ಸಂಭವ ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ರಕ್ತಹೀನತೆ ಕಂಡುಬಂದಿರುವಾಗ ಇದು ಸಣ್ಣ ಮಾತಲ್ಲ. ಸಕ್ಕರೆ ಬೆರೆಸಿದ ಪೇಯಗಳನ್ನು ಎರಡು ವರ್ಷದೊಳಗೆ ಕೊಡಲೇಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹೇಳಿದೆ.

ಹಾಗೆಂದು ಪೌಷ್ಟಿಕ ಪೇಯಗಳಿಗೆ ಎಡೆಯೇ ಇಲ್ಲವೆನ್ನಲಾಗದು. ತೂಕ ಸತತವಾಗಿ ಇಳಿಯುತ್ತಿರುವ, ದೀರ್ಘ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ, ಅಗಿಯಲು ನುಂಗಲು ಕಷ್ಟಪಡುವ ಮಗುವಿಗೆ ಮಕ್ಕಳ ವೈದ್ಯರು ಅಳತೆಯಿಟ್ಟು, ಅವಧಿ ಗೊತ್ತುಮಾಡಿ ಅವನ್ನು ಬರೆದುಕೊಡುತ್ತಾರೆ. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿರುವ ಮಗುವಿಗೆ ಬೇಕಾದದ್ದು ಅಂಗಡಿಯ ಡಬ್ಬಿಯಲ್ಲ, ವೈದ್ಯಕೀಯ ಆರೈಕೆ.

ಉಳಿದ ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಮನೆಯವರೊಡನೆ ಕುಳಿತು ಉಣ್ಣುವ ತಟ್ಟೆ ಬೇಕು. ಅದರಲ್ಲಿ ಮೆತ್ತಗೆ ಹಿಸುಕಿದ ಅವರೆಕಾಳು, ಸೊಪ್ಪಿನ ಸಾರು, ಮೊಟ್ಟೆ, ತುಪ್ಪ ಹಚ್ಚಿದ ಪುಟ್ಟ ಮುದ್ದೆ ಇರಲಿ. ಒಲ್ಲೆನೆಂದ ತಿನಿಸು ಹತ್ತಾರು ಬಾರಿ ಒತ್ತಾಯವಿಲ್ಲದೆ ಮತ್ತೆ ಎದುರಿಗೆ ಬರಲಿ. ಏನನ್ನು, ಯಾವಾಗ ಬಡಿಸಬೇಕೆಂಬುದು ಹೆತ್ತವರ ತೀರ್ಮಾನ, ಎಷ್ಟು ತಿನ್ನಬೇಕೆಂಬುದು ಮಗುವಿನದು. ಡಬ್ಬಿಗೆ ಹಣ ತೆರುವ ಮುನ್ನ ಮಗುವನ್ನು ಅಂಗನವಾಡಿಗೆ ಕರೆದೊಯ್ದು ತೂಕ ಹಾಕಿಸಿ, ತಾಯಿ ಕಾರ್ಡಿನ ರೇಖೆ ನೋಡಿ, ಅದು ಕೆಳಗಿಳಿದಿದ್ದರೆ ವೈದ್ಯರ ಬಳಿಗೆ ಹೋಗಿ. ಮೇಲೇರುತ್ತಿದ್ದರೆ ಆ ಹಣದಲ್ಲಿ ಮೊಟ್ಟೆ, ಕಾಳು, ಹಣ್ಣು ತನ್ನಿ.