ಆಟದಂಗಳದಲ್ಲಿ ಇತಿಹಾಸ: ತ್ಸುಶಿಮಾ ದ್ವೀಪದ ಕಥೆ, ಆಡಿದವರ ತೀರ್ಪು

ಹಿಂದಿನವರ ಬಾಳನ್ನು ಮುಂದಿನವರಿಗೆ ದಾಟಿಸುವ ಹೊಣೆಯನ್ನು ಒಂದು ಕಾಲದಲ್ಲಿ ಅಜ್ಜಿಯ ಕಥೆ, ಬಯಲಾಟ, ಪುರಾಣ ಪ್ರವಚನಗಳು ಹೊತ್ತಿದ್ದವು. ತರುವಾಯ ಪಠ್ಯಪುಸ್ತಕ ಬಂದಿತು, ಚಲನಚಿತ್ರ ಬಂದಿತು, ದೂರದರ್ಶನ ಬಂದಿತು. ಈಗ ಅದೇ ಸಾಲಿಗೆ ವಿಡಿಯೋ ಆಟವೂ ಬಂದು ಕುಳಿತಿದೆ. ಮಕ್ಕಳು ತೆರೆಯ ಮುಂದೆ ಕಂಟ್ರೋಲರ್ ಹಿಡಿದು ಕುಳಿತರೆ ಹಿರಿಯರು ‘ಮತ್ತೆ ಅದೇ ಹೊಡೆದಾಟ’ ಎಂದು ಮುಖ ತಿರುಗಿಸುವುದು ಸಹಜವೇ. ಆದರೆ ಮುಖ ತಿರುಗಿಸಿದ ಮಾತ್ರಕ್ಕೆ ನಮ್ಮ ಹೊಣೆ ತೀರುವುದಿಲ್ಲ. ಮಕ್ಕಳು ಆ ಆಟದಿಂದ ಏನನ್ನು ಹೊತ್ತು ತರುತ್ತಾರೆ, ಅದರಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂಬುದನ್ನು ತಿಳಿಯುವುದು ವಿಚಾರವಂತರಾದ ತಂದೆತಾಯಿಗಳ ಕರ್ತವ್ಯವಾಗಿದೆ.

ಇದಕ್ಕೆ ಒಂದು ಒಳ್ಳೆಯ ನಿದರ್ಶನವೆಂದರೆ ‘ಘೋಸ್ಟ್ ಆಫ್ ತ್ಸುಶಿಮಾ’ ಎಂಬ ಆಟ. ಅಮೆರಿಕದ ಸಕರ್ ಪಂಚ್ ಎಂಬ ಸಂಸ್ಥೆ ಸಿದ್ಧಪಡಿಸಿದ, ಸೋನಿ ಸಂಸ್ಥೆ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಪ್ರಕಟಿಸಿದ ಈ ಆಟ 2020ರ ಜುಲೈ 17ರಂದು ಹೊರಬಂದಿತು. 2022ರ ಜುಲೈ ವೇಳೆಗೆ ಇದರ 97 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಇದನ್ನು ಆಡಿದವರು ಆಡಿ ಸುಮ್ಮನಾಗಲಿಲ್ಲ. ಮೆಚ್ಚಿದರು, ಜರೆದರು, ತಮ್ಮ ತಮ್ಮೊಳಗೆ ವಾದಿಸಿದರು. ಅವರ ಮಾತುಗಳನ್ನು ತಾಳ್ಮೆಯಿಂದ ಓದಿದರೆ ಇತಿಹಾಸ, ಧರ್ಮ, ಶ್ರದ್ಧೆ ಎಂಬ ಮೂರು ದೊಡ್ಡ ಪ್ರಶ್ನೆಗಳು ಅಲ್ಲಿ ಎದ್ದು ಕಾಣುತ್ತವೆ.

ನಡೆದ ಇತಿಹಾಸ

ತ್ಸುಶಿಮಾ ಕೇವಲ ಕಲ್ಪನೆಯ ನಾಡಲ್ಲ. ಜಪಾನ್ ಮತ್ತು ಕೊರಿಯಾಗಳ ನಡುವಿನ ಕಡಲಿನಲ್ಲಿರುವ ಈ ದ್ವೀಪ ಕೊರಿಯಾದ ಪೂಸಾನ್ ನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. ಇಂದು ಅದು ಜಪಾನಿನ ನಾಗಸಾಕಿ ಪ್ರಾಂತಕ್ಕೆ ಸೇರಿದ್ದು, ಅಲ್ಲಿಯ ಜನಸಂಖ್ಯೆ 30,000ಕ್ಕೂ ಕಡಿಮೆ.

ಹದಿಮೂರನೆಯ ಶತಮಾನದಲ್ಲಿ ಚೀನಾದ ಬಹುಭಾಗವನ್ನು ಗೆದ್ದು, ಕೊರಿಯಾವನ್ನು ಅಧೀನ ಮಾಡಿಕೊಂಡಿದ್ದ ಮಂಗೋಲ ಚಕ್ರವರ್ತಿ ಕುಬ್ಲಾಯ್ ಖಾನನು ಜಪಾನಿಗೆ ಪತ್ರಗಳನ್ನು ಕಳುಹಿಸಿ ತನ್ನ ಹಿರಿಮೆಯನ್ನು ಒಪ್ಪಿಕೊಳ್ಳಬೇಕೆಂದು ಸೂಚಿಸಿದನು. ಕಾಮಾಕುರದಲ್ಲಿ ಆಳುತ್ತಿದ್ದವರು ಉತ್ತರವನ್ನೇ ಕೊಡಲಿಲ್ಲ. 1274ರಲ್ಲಿ ಕೊರಿಯಾದಿಂದ ಹೊರಟ ನೂರಾರು ಹಡಗುಗಳ ಪಡೆ ಮೊದಲಿಗೆ ಎರಗಿದ್ದು ಈ ತ್ಸುಶಿಮಾದ ಮೇಲೆ. ಕೊಮೊಡಾ ಎಂಬ ಕಡಲತೀರದಲ್ಲಿ ಸೋ ಸುಕೆಕುನಿ ಎಂಬ ಸ್ಥಳೀಯ ಅಧಿಕಾರಿ ಸುಮಾರು 80 ಮಂದಿ ಸವಾರರೊಡನೆ ಸಾವಿರಾರು ಸೈನಿಕರನ್ನು ಎದುರಿಸಿ ಮಡಿದನು. ಆತನಿಗೆ ಅರ್ಪಿತವಾದ ದೇವಾಲಯ ಇಂದಿಗೂ ಅದೇ ತೀರದಲ್ಲಿದೆ. ಮಂಗೋಲರು ಬಳಿಕ ಇಕಿ ದ್ವೀಪವನ್ನು ಹಾಳುಗೆಡವಿ, ಹಕಾಟ ಕೊಲ್ಲಿಯಲ್ಲಿ ಕಾದಾಡಿ, ಹಿಂದಿರುಗಿದರು. 1281ರಲ್ಲಿ ಮತ್ತೆ ಬಂದಾಗ ಭೀಕರ ಚಂಡಮಾರುತ ಅವರ ನೌಕಾಪಡೆಯನ್ನು ನುಚ್ಚುನೂರು ಮಾಡಿತು. ಜಪಾನೀಯರು ಅದನ್ನು ‘ಕಾಮಿಕಾಜೆ’, ಅಂದರೆ ದೈವದ ಗಾಳಿ, ಎಂದು ಕರೆದರು.

ಆಟದೊಳಗಿನ ಕಥೆ

ಆಟ ಆರಂಭವಾಗುವುದು ಇದೇ ಕೊಮೊಡಾ ತೀರದಲ್ಲಿ. ಆದರೆ ಸುಕೆಕುನಿಯ ಬದಲಿಗೆ ಇಲ್ಲಿ ಶಿಮುರಾ ಎಂಬ ಕಲ್ಪಿತ ಒಡೆಯನಿದ್ದಾನೆ. ಅವನ ಸೋದರಳಿಯ ಜಿನ್ ಸಕಾಯ್ ಕಥಾನಾಯಕ. ಸಮುರಾಯ್ ಯೋಧನೊಬ್ಬ ಮುಂದೆ ಬಂದು, ರಣನೀತಿಯಂತೆ ಒಬ್ಬರಿಗೊಬ್ಬರು ಕಾದಾಡೋಣವೆಂದು ಆಹ್ವಾನಿಸುತ್ತಾನೆ. ಮಂಗೋಲರ ನಾಯಕ ಖೋತುನ್ ಖಾನನು, ಈತನೂ ಕಲ್ಪಿತ ವ್ಯಕ್ತಿಯೇ, ಆ ಯೋಧನನ್ನು ಸುಟ್ಟು ಕೊಲ್ಲುತ್ತಾನೆ. ಸಮುರಾಯ್‌ಗಳೆಲ್ಲ ಹತರಾಗುತ್ತಾರೆ, ಶಿಮುರಾ ಸೆರೆಯಾಗುತ್ತಾನೆ. ಸತ್ತವರ ನಡುವೆ ಬಿದ್ದಿದ್ದ ಜಿನ್‌ನನ್ನು ಯೂನಾ ಎಂಬ ಕಳ್ಳಿಯೊಬ್ಬಳು ಬದುಕಿಸುತ್ತಾಳೆ. ಶತ್ರುವಿನ ಕಣ್ಣಿನಲ್ಲಿ ಕಣ್ಣಿಟ್ಟು ಹೋರಾಡಬೇಕೆಂದು ಮಾವನಿಂದ ಕಲಿತವನು ಈಗ ಕತ್ತಲಲ್ಲಿ ಅಡಗಿ, ಹಿಂದಿನಿಂದ ಇರಿದು, ಕಡೆಗೆ ವಿಷವನ್ನೂ ಬಳಸಿ ದ್ವೀಪವನ್ನು ಉಳಿಸಲು ಹೊರಡುತ್ತಾನೆ. ಜನ ಅವನನ್ನು ‘ಭೂತ’ ಎಂದು ಕೊಂಡಾಡುತ್ತಾರೆ. ಮಾವ ಕುಲಗೆಟ್ಟವನೆಂದು ದೂರುತ್ತಾನೆ.

ಮೊದಲ ವಾದ: ಇದು ನಿಜವೇ?

ಇತಿಹಾಸ ಬಲ್ಲವರ ಆಕ್ಷೇಪಗಳು ಸಣ್ಣವೇನೂ ಅಲ್ಲ. ಜಿನ್ ಅಲ್ಲಲ್ಲಿ ಕುಳಿತು ‘ಹಾಯ್ಕು’ ಎಂಬ ಕಿರುಗವಿತೆ ಕಟ್ಟುತ್ತಾನೆ. ಆ ಪ್ರಕಾರ ರೂಪುಗೊಂಡದ್ದು ಹದಿನೇಳನೆಯ ಶತಮಾನದಲ್ಲಿ; ಅದಕ್ಕೆ ಹಾಯ್ಕು ಎಂಬ ಹೆಸರು ನಿಂತದ್ದಂತೂ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಯೋಧರು ತೊಟ್ಟ ಕವಚಗಳಲ್ಲಿ ಹಲವು ಎರಡು ಮೂರು ಶತಮಾನಗಳ ಈಚಿನವು. 1274ರ ಸಮುರಾಯ್ ಮುಖ್ಯವಾಗಿ ಕುದುರೆಯ ಮೇಲಿನ ಬಿಲ್ಲುಗಾರನಾಗಿದ್ದರೆ, ಆಟದಲ್ಲಿ ಅವನು ನೆಲದ ಮೇಲೆ ನಿಂತ ಕತ್ತಿವೀರ. ದಾಳಿಮಾಡಿದ ಸೈನ್ಯದಲ್ಲಿ ಕೊರಿಯನ್ನರೂ ಚೀನೀಯರೂ ಬಹುಸಂಖ್ಯೆಯಲ್ಲಿದ್ದರು. ಆಟ ಎಲ್ಲರನ್ನೂ ಮಂಗೋಲರೆಂಬ ಒಂದೇ ಹೆಸರಿನಲ್ಲಿ ಮುಗಿಸಿಬಿಡುತ್ತದೆ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ‘ಸಮುರಾಯ್ ಧರ್ಮ’ವನ್ನು ಕುರಿತದ್ದು. ಮರೆಯಿಂದ ಹೊಡೆಯಬಾರದು, ಸೋತು ಬದುಕಬಾರದು ಎಂಬಂತಹ ಕಟ್ಟುಪಾಡುಗಳು ಗ್ರಂಥರೂಪ ಪಡೆದದ್ದು ಬಹುಕಾಲದ ಅನಂತರ, ಯುದ್ಧವಿಲ್ಲದ ಶಾಂತಿಕಾಲದಲ್ಲಿ. 1281ರಲ್ಲಿ ನಿಜವಾದ ಜಪಾನೀ ಯೋಧರು ಸಣ್ಣ ದೋಣಿಗಳನ್ನೇರಿ, ರಾತ್ರಿಯ ಕತ್ತಲಲ್ಲಿ ಶತ್ರುಗಳ ಹಡಗುಗಳಿಗೆ ನುಗ್ಗಿ ಕೊಂದರು. ಅದನ್ನು ಯಾರೂ ಅಧರ್ಮವೆನ್ನಲಿಲ್ಲ. ಆ ಯುದ್ಧಗಳಲ್ಲಿ ಹೋರಾಡಿದ ತಕೆಜಾಕಿ ಸುಯೆನಾಗ ಎಂಬ ಯೋಧ ತನ್ನ ಶೌರ್ಯಕ್ಕೆ ಬಹುಮಾನ ದೊರೆಯಲಿಲ್ಲವೆಂದು 1275ರಲ್ಲಿ ಕುದುರೆ ತಡಿಗಳನ್ನು ಮಾರಿ, ದಾರಿಖರ್ಚು ಹೊಂದಿಸಿಕೊಂಡು, ಕಾಮಾಕುರದವರೆಗೆ ಹೋಗಿ ಅಹವಾಲು ಹೇಳಿಕೊಂಡನು. ಮುಂದೆ ಆತ ಬರೆಯಿಸಿದ ಚಿತ್ರಸುರುಳಿ ಇಂದಿಗೂ ಉಳಿದಿದೆ. ಅದರಲ್ಲಿ ಕಾಣುವ ಸಮುರಾಯ್ ಬಹುಮಾನಕ್ಕೆ ಹಾತೊರೆಯುವ, ಹೊಟ್ಟೆಪಾಡಿನ ಚಿಂತೆಯುಳ್ಳ ನಮ್ಮ ನಿಮ್ಮಂತಹ ಮನುಷ್ಯ.

ಹಾಗಾದರೆ ಜಪಾನೀಯರೇ ಈ ಆಟವನ್ನು ತಿರಸ್ಕರಿಸಿದರೇ? ಇಲ್ಲ. ಆ ದೇಶದ ಪ್ರಸಿದ್ಧ ಆಟಪತ್ರಿಕೆ ‘ಫಾಮಿತ್ಸು’ ಇದಕ್ಕೆ 40ಕ್ಕೆ 40 ಅಂಕ ಕೊಟ್ಟಿತು. ಜಪಾನಿನ ಹೆಸರಾಂತ ಆಟ ನಿರ್ಮಾಪಕರಾದ ತೊಶಿಹಿರೊ ನಗೋಶಿಯವರು ಹೊರನಾಡಿನವರು ಇಂಥದನ್ನು ಮಾಡಿದರಲ್ಲ ಎಂದು ಬೆರಗಿನಿಂದ ಹೊಗಳಿದರು. ತಾವು ನಡೆದುದನ್ನು ಕಲ್ಲಿಗೆ ಕಲ್ಲು ಜೋಡಿಸಿ ಮರಳಿ ಕಟ್ಟಲು ಹೊರಟವರಲ್ಲವೆಂದು ನಿರ್ಮಾಪಕರೂ ಮೊದಲೇ ಹೇಳಿದ್ದರು. ಅಕಿರಾ ಕುರೋಸಾವಾ ಅವರ ಚಲನಚಿತ್ರಗಳ ಛಾಯೆಯಲ್ಲಿ ಬೆಳೆದ ಕಥೆ ಇದು. ಆಟವನ್ನು ಪೂರ್ತಿ ಕಪ್ಪುಬಿಳುಪಿನಲ್ಲಿ ಆಡುವ ಏರ್ಪಾಡಿಗೆ, ಆ ನಿರ್ದೇಶಕರ ವಾರಸುದಾರರ ಅನುಮತಿ ಪಡೆದು, ಅವರ ಹೆಸರನ್ನೇ ಇಟ್ಟಿದ್ದಾರೆ.

ಇಲ್ಲಿ ನಮಗೊಂದು ವಿವೇಕ ಬೇಕು. ಕಾವ್ಯಕ್ಕೆ ಸ್ವಾತಂತ್ರ್ಯವಿದೆ, ಆದರೆ ಕಾವ್ಯವನ್ನೇ ಚರಿತ್ರೆಯೆಂದು ನಂಬುವ ಸ್ವಾತಂತ್ರ್ಯ ಓದುಗನಿಗಿಲ್ಲ. ಜಿನ್ ಸಕಾಯ್‌ನ ಹೆಸರು ಲಕ್ಷಾಂತರ ಬಾಯಿಗಳಲ್ಲಿ ನಲಿಯುತ್ತಿರುವಾಗ ನಿಜವಾಗಿ ಪ್ರಾಣ ಕೊಟ್ಟ ಸುಕೆಕುನಿಯ ಹೆಸರು ಮರೆಯಾದರೆ ಅದು ಸತ್ತವನಿಗೆ ಮಾಡಿದ ಅನ್ಯಾಯವಾಗುತ್ತದೆ. ಆಟ ಆಡಿದ ಮೇಲೆ ಆ ಹೆಸರನ್ನು ಹುಡುಕಿಕೊಂಡು ಹೋದವನು ಮಾತ್ರ ನಿಜವಾಗಿ ತ್ಸುಶಿಮಾವನ್ನು ಕಂಡವನು.

ಎರಡನೆಯ ವಾದ: ಯಾವುದು ಧರ್ಮ?

ಆಡಿದವರ ನಡುವೆ ಅತ್ಯಂತ ಬಿರುಸಿನ ಚರ್ಚೆ ನಡೆದಿರುವುದು ಕವಚದ ಬಗೆಗಲ್ಲ, ವಿಷದ ಬಗೆಗೆ. ಒಂದು ಪಕ್ಷದವರು ಜಿನ್ ಮಾಡಿದ್ದೇ ಸರಿ ಎನ್ನುತ್ತಾರೆ. ಕೊಮೊಡಾದಲ್ಲಿ ನಿಯಮ ಹಿಡಿದು ಹೋದವರೆಲ್ಲ ಸತ್ತರು. ಉಳಿದದ್ದು ಕೇವಲ ಅವರ ಗೌರವ. ಸುಡುತ್ತಿರುವ ಹಳ್ಳಿಯ ರೈತನಿಗೆ ಒಡೆಯನ ಗೌರವದಿಂದ ಆಗಬೇಕಾದುದೇನು? ಅವನಿಗೆ ಬೇಕಾದುದು ಮಕ್ಕಳ ಪ್ರಾಣ. ಇನ್ನೊಂದು ಪಕ್ಷದವರು ಕಥೆಯ ಮುಂದಿನ ಭಾಗವನ್ನು ತೋರಿಸುತ್ತಾರೆ. ಜಿನ್ ಬಳಸಿದ ವಿಷವನ್ನು ಖಾನನೂ ಕಲಿಯುತ್ತಾನೆ. ಅದು ದ್ವೀಪದ ಜನರ ಮೇಲೆಯೇ ತಿರುಗಿ ಬೀಳುತ್ತದೆ. ಕಟ್ಟುಪಾಡು ಎಂಬುದು ಬಲವುಳ್ಳವನ ಕೈಗೆ ಹಾಕಿದ ಮೂಗುದಾರ. ಅದನ್ನು ಕಿತ್ತೆಸೆದವನು ನಾಳೆ ಎಲ್ಲಿ ನಿಲ್ಲುತ್ತಾನೆ ಎಂಬುದು ಅವರ ಪ್ರಶ್ನೆ.

ಆಟವನ್ನು ಮೆಚ್ಚಿದವರಲ್ಲೂ ಕೆಲವರು ಒಂದು ಕೊರತೆಯನ್ನು ಎತ್ತಿ ಹೇಳಿದ್ದಾರೆ. ಆಡುವವನು ಎದುರೆದುರು ನಿಂತು ನೇರವಾಗಿಯೇ ಕಾದಾಡಬೇಕೆಂದು ಹಟ ಹಿಡಿದರೂ ಕಥೆ ಮಾತ್ರ ಅವನನ್ನು ಭೂತವನ್ನಾಗಿಯೇ ಮಾಡುತ್ತದೆ. ಪಾಲಿಸಿದ ನಿಯಮಕ್ಕೆ ಬೆಲೆಯಿಲ್ಲದಿದ್ದರೆ ಅದನ್ನು ಪಾಲಿಸಿದ್ದಾದರೂ ಏತಕ್ಕೆ ಎಂಬ ಅವರ ಮಾತು ಯೋಚಿಸತಕ್ಕದ್ದೇ. ಒಂದೇ ಬಗೆಯ ಕೆಲಸಗಳು ಮತ್ತೆ ಮತ್ತೆ ಬಂದು ಬೇಸರ ತರಿಸುತ್ತವೆ ಎಂದವರೂ ಉಂಟು.

ಆದರೂ ಕೊನೆಯ ದೃಶ್ಯದ ಬಗ್ಗೆ ಎರಡು ಮಾತಿಲ್ಲ. ಒಡೆಯರ ಅಪ್ಪಣೆಯಂತೆ ಶಿಮುರಾ ತಾನೇ ಸಾಕಿದ ಅಳಿಯನನ್ನು ಕೊಲ್ಲಬೇಕಾಗಿದೆ. ಇಬ್ಬರೂ ಕಾದಾಡಿ, ಮಾವ ಸೋತು, ಯೋಧನಿಗೆ ತಕ್ಕ ಮರಣವನ್ನು ಬೇಡುತ್ತಾನೆ. ಕೊಂದರೆ ಮಾವನ ಮಾತು ನಡೆಯಿತು, ಉಳಿಸಿದರೆ ತನ್ನ ಕರುಳಿನ ಮಾತು ನಡೆಯಿತು. ಯಾವುದೆಂದು ಆಡುವವನೇ ತೀರ್ಮಾನಿಸಬೇಕು. ಗುಂಡಿ ಒತ್ತಲು ಕೈ ಬಾರದೆ ಬಹಳ ಹೊತ್ತು ಕುಳಿತಿದ್ದೆವೆಂದು ಹೇಳಿಕೊಂಡವರು ಅನೇಕರು. ಅಶ್ವತ್ಥಾಮನ ರಾತ್ರಿದಾಳಿಯನ್ನೂ, ಶಿಖಂಡಿಯ ಮರೆಯಲ್ಲಿ ಬಿಟ್ಟ ಬಾಣವನ್ನೂ ಕೇಳುತ್ತ ಬೆಳೆದ ನಮಗೆ ಈ ಸಂಕಟ ಹೊಸತೇನಲ್ಲ. ಕಥೆ ಕೇಳುವವನು ಮತ್ತೊಬ್ಬರ ನಿರ್ಧಾರವನ್ನು ತೂಗುತ್ತಾನೆ; ಆಡುವವನು ತನ್ನ ನಿರ್ಧಾರವನ್ನು ತಾನೇ ಹೊರಬೇಕು. ಈ ಹೊಸ ಮಾಧ್ಯಮಕ್ಕೆ ಇರುವ ಶಕ್ತಿ ಇದೇ. ಅದೇ ವರ್ಷದ ‘ದಿ ಗೇಮ್ ಅವಾರ್ಡ್ಸ್’ ಪ್ರಶಸ್ತಿಗಳಲ್ಲಿ ಆಟಗಾರರ ಮತದಿಂದ ನಿರ್ಧಾರವಾಗುವ ಪ್ರಶಸ್ತಿ ಈ ಆಟಕ್ಕೇ ಸಂದದ್ದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯದು: ಮಾತಿನಿಂದ ಕೃತಿಗೆ

ಅಭಿಪ್ರಾಯಗಳಲ್ಲೆಲ್ಲ ಹಿರಿದಾದ ಅಭಿಪ್ರಾಯ ಮಾತಿನಲ್ಲಿ ಬರಲಿಲ್ಲ. ತ್ಸುಶಿಮಾದಲ್ಲಿ ವತತ್ಸುಮಿ ಎಂಬ ಪ್ರಾಚೀನ ದೇವಾಲಯವಿದೆ. ಕಡಲ ದೇವತೆಯ ಆ ಗುಡಿಯ ಮುಂದೆ ‘ತೋರಿ’ ಎಂಬ ಮಹಾದ್ವಾರಗಳು ಸಾಲಾಗಿ ನಿಂತಿವೆ. ಕೆಲವು ನೀರಿನಲ್ಲೇ ಇವೆ. 2020ರ ಸೆಪ್ಟೆಂಬರಿನಲ್ಲಿ, ಆಟ ಹೊರಬಂದು ಎರಡು ತಿಂಗಳಾಗುವಷ್ಟರಲ್ಲಿ, ಚಂಡಮಾರುತಕ್ಕೆ ಸಿಕ್ಕಿ ಅಂತಹ ದ್ವಾರವೊಂದು ಉರುಳಿಬಿದ್ದಿತು. ಅದನ್ನು ಮತ್ತೆ ನಿಲ್ಲಿಸಲು 50 ಲಕ್ಷ ಯೆನ್ ಬೇಕೆಂದು ದೇವಾಲಯದವರು ಸಾರ್ವಜನಿಕರಲ್ಲಿ ಬೇಡಿಕೊಂಡರು. ಕೂಡಿಬಂದದ್ದು 2 ಕೋಟಿ 70 ಲಕ್ಷ ಯೆನ್! ಕೊಟ್ಟವರಲ್ಲಿ ಈ ಆಟವಾಡಿದವರು ಬಹು ಮಂದಿ. ಆ ದ್ವೀಪವನ್ನು ಕಣ್ಣಾರೆ ಕಾಣದವರು, ಆ ದೇವರ ಹೆಸರನ್ನೂ ಕೇಳದವರು, ತೆರೆಯ ಮೇಲೆ ಕಂಡ ನೆಲದ ಋಣವೆಂದು ಭಾವಿಸಿ ಕೈಯೆತ್ತಿ ಕೊಟ್ಟರು. 2021ರಲ್ಲಿ ತ್ಸುಶಿಮಾ ನಗರಾಡಳಿತ ಆಟದ ನಿರ್ದೇಶಕರಾದ ನೇಟ್ ಫಾಕ್ಸ್ ಮತ್ತು ಜೇಸನ್ ಕೊನೆಲ್ ಅವರನ್ನು ತನ್ನ ಪ್ರವಾಸೋದ್ಯಮ ರಾಯಭಾರಿಗಳನ್ನಾಗಿ ನೇಮಿಸಿ ಗೌರವಿಸಿತು.

ಈ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. 2025ರ ಮಾರ್ಚಿಯಲ್ಲಿ ಅದೇ ವತತ್ಸುಮಿ ದೇವಾಲಯದವರು, ನೋಡಬಂದವರ ಅಗೌರವದ ನಡತೆಯಿಂದ ನೊಂದು, ಪೂಜೆಗೆ ಬರುವವರನ್ನುಳಿದು ಬೇರೆಯವರಿಗೆ ಪ್ರವೇಶವಿಲ್ಲವೆಂದು ಪ್ರಕಟಿಸಿದರು. ಆ ನಡತೆಯ ಹೊಣೆಯನ್ನು ಆಟದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಪವಿತ್ರ ಸ್ಥಳದ ಕೀರ್ತಿ ಬೆಳೆದಂತೆ ಅದರ ಶಾಂತಿಗೆ ಕುತ್ತು ಬರುತ್ತದೆಂಬ ಮಾತು ತೀರ್ಥಯಾತ್ರೆ ಮಾಡಿದ ಪ್ರತಿಯೊಬ್ಬರಿಗೂ ತಿಳಿದದ್ದೇ. ಆಟದಲ್ಲಿ ಗುಡಿಯ ಮುಂದೆ, ಸಮಾಧಿಯ ಮುಂದೆ ನಾಯಕನಿಂದ ತಲೆಬಾಗಿಸಲು ಬೆರಳೊಂದು ಸರಿದಾಡಿದರೆ ಸಾಕು. ನಿಜವಾದ ಗುಡಿಯ ಮುಂದೆ ಬಾಗಬೇಕಾದದ್ದು ನಮ್ಮದೇ ತಲೆ.

ಮನೆಮಂದಿ ಮಾಡಬೇಕಾದುದು

ವಾಚಕ ಬಂಧುಗಳೇ, ಇದು ಚಿಕ್ಕಮಕ್ಕಳ ಆಟವಲ್ಲವೆಂಬುದನ್ನು ಮೊದಲು ತಿಳಿಯಬೇಕು. ರಕ್ತಪಾತ ಧಾರಾಳವಾಗಿರುವ ಈ ಆಟ ಯುರೋಪಿನಲ್ಲಿ 18, ಅಮೆರಿಕದಲ್ಲಿ 17 ವರ್ಷ ದಾಟಿದವರಿಗೆಂದು ಗೊತ್ತುಪಡಿಸಿದ್ದು. ಪೆಟ್ಟಿಗೆಯ ಮೇಲಿನ ಆ ಗುರುತನ್ನು ನೋಡದೆ ಕೊಡಿಸುವುದು ಹಿರಿಯರ ಲೋಪವೇ ಹೊರತು ಮಕ್ಕಳದಲ್ಲ.

ವಯಸ್ಸಿಗೆ ಬಂದ ಮಕ್ಕಳು ಆಡುತ್ತಿದ್ದರೆ ಗದರಿಸುವುದಕ್ಕಿಂತ ಒಂದು ಗಳಿಗೆ ಪಕ್ಕದಲ್ಲಿ ಕುಳಿತು ನೋಡುವುದು ಮೇಲು. ಈ ಕಥೆಯಲ್ಲಿ ನಿಜವಾಗಿ ಬಾಳಿದವರು ಯಾರು, ಕಲ್ಪನೆಯವರು ಯಾರು ಎಂದು ಕೇಳಿರಿ. ಕೊನೆಯಲ್ಲಿ ಮಾವನನ್ನು ಉಳಿಸಿದೆಯೋ ಕೊಂದೆಯೋ, ಏಕೆ ಎಂದು ಕೇಳಿರಿ. ಉತ್ತರ ಯಾವುದಾದರೂ ಆಗಲಿ, ಏಕೆ ಎಂಬ ಪ್ರಶ್ನೆಗೆ ಆ ಮಗು ತಡವರಿಸಿ ಮಾತು ಹುಡುಕುವ ಹೊತ್ತಿನಲ್ಲಿ ವಿಚಾರ ಮೊಳೆಯುತ್ತದೆ. ಆಟವನ್ನು ಯಾವ ದೇಶದವರಾದರೂ ಸಿದ್ಧಪಡಿಸಿ ಕೊಟ್ಟಾರು. ಆ ಪ್ರಶ್ನೆಯನ್ನು ಮಾತ್ರ ಮನೆಯವರೇ ಕೇಳಬೇಕು.