ಅತ್ತೆ ಕಂಡ ಲಂಕೆ

ಅಶೋಕವನದ ಆಸೆ ತೋರಿಸಿಯೇ ಅತ್ತೆಯನ್ನು ಹೊರಡಿಸಿದ್ದು. ಸಿದ್ದಾಪುರ ಸೀಮೆಯ ಮನೆ, ಕೊಟ್ಟಿಗೆ, ಅಡಿಕೆ ತೋಟ ಬಿಟ್ಟು ಎಪ್ಪತ್ತೊಂದರ ವಯಸ್ಸಿನಲ್ಲಿ ಅವರು ವಾರಗಟ್ಟಲೆ ಹೊರಗಿರಬೇಕೆಂದರೆ ರಾಮಾಯಣದ ನೆವವಾದರೂ ಬೇಕಿತ್ತು. ಅದು 2019ರ ದಸರಾ ರಜೆ. ಆ ವರ್ಷದ ಏಪ್ರಿಲ್‌ನಲ್ಲಿ ಚರ್ಚು, ಹೋಟೆಲುಗಳಲ್ಲಿ ಬಾಂಬ್ ಸಿಡಿದ ಮೇಲೆ ಶ್ರೀಲಂಕೆಯತ್ತ ಜನ ತಲೆ ಹಾಕುತ್ತಿರಲಿಲ್ಲ. ಅವರನ್ನು ಮತ್ತೆ ಕರೆತರಲು ಅಲ್ಲಿನ ಸರ್ಕಾರ ಭಾರತೀಯರಿಗೂ ವೀಸಾ ಶುಲ್ಕ ಬಿಟ್ಟುಕೊಟ್ಟಿತ್ತು. ನಮ್ಮೂರಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಒಂದು ರಾತ್ರಿ. ಅಲ್ಲಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. “ಬೆಂಗಳೂರಿಗಿಂತ ಲಂಕೆಯೇ ಹತ್ತಿರ ಅಂದ ಹಾಗಾಯ್ತು” ಎಂದರು ಅತ್ತೆ.

ಕ್ಯಾಂಡಿಯಲ್ಲಿ ನಮ್ಮ ಮೊದಲ ಬೆಳಗು ಅಕ್ಟೋಬರ್ 13, ಭಾನುವಾರ. ಊರಿಗೆ ಊರೇ ಬಿಳಿ ಬಟ್ಟೆ ಉಟ್ಟು ಬೀದಿಗಿಳಿದಿತ್ತು. ಹುಣ್ಣಿಮೆ ಅಂತ ನಮಗೆ ಹೊಳೆದಿರಲಿಲ್ಲ. ಅಲ್ಲಿ ಪ್ರತಿ ಹುಣ್ಣಿಮೆಯೂ ‘ಪೋಯ’, ದೇಶಕ್ಕೆಲ್ಲ ರಜೆ, ಹೆಂಡದಂಗಡಿ ಬಂದ್. ಬುದ್ಧನ ಹಲ್ಲನ್ನು ಇಟ್ಟಿರುವ ದಳದಾ ಮಾಳಿಗಾವದ ಮುಂದೆ ನೈದಿಲೆ ಹಿಡಿದವರ ಸಾಲು ಮುಗಿಯುವಂತೆಯೇ ಇರಲಿಲ್ಲ. ಬರಿಗಾಲಲ್ಲಿ ನಿಂತು ನಿಂತು ಮಗಳು ಅಳಲು ಶುರುಮಾಡಿದಳು. ಕೊನೆಗೂ ಕಂಡದ್ದು ಬಾಗಿಲಾಚೆಗಿನ ಚಿನ್ನದ ಕರಂಡದ ಒಂದು ಮಿಂಚು, ಅಷ್ಟೇ.

ಅತ್ತೆಯ ಮನಸ್ಸು ಆಗಲೇ ಊರಿಗೆ ಹೋಗಿಬಿಟ್ಟಿತ್ತು. “ಇವತ್ತು ಭೂಮಿ ಹುಣ್ಣಿಮೆ ಕಣೇ. ಗದ್ದೆಗೆ ಎಡೆ ಇಟ್ಟರೋ ಇಲ್ಲವೋ!” ಆ ಹೊತ್ತಿಗೆ ನಮ್ಮ ಕಡೆ ಭತ್ತ ಹೊಡೆ ಕಟ್ಟಿರುತ್ತದೆ, ಭೂಮಿ ಬಸುರಿ, ಬಸುರಿಗೆ ಬಯಕೆ ಊಟ ಬಡಿಸುವುದೇ ಹಬ್ಬ. ನಮ್ಮ ಕಾರಿನ ಚಾಲಕರಿಗೆ ತಮಿಳು ಬರುತ್ತಿತ್ತು, ನನಗೆ ಅರ್ಧಂಬರ್ಧ. ಅದರಲ್ಲೇ ವಿವರಿಸಿದೆ. ಅವರು ನಕ್ಕು, ನಮ್ಮ ಹೊಲಕ್ಕೆ ಇನ್ನೂ ನೇಗಿಲೇ ಬಿದ್ದಿಲ್ಲ ಎಂದರು.

ನಿಜವೇ. ನಮಗೆ ಜೂನ್ ಮಳೆಯೇ ಸರ್ವಸ್ವ. ಲಂಕೆಯಲ್ಲಿ ಆ ನೈಋತ್ಯ ಮಳೆ ದ್ವೀಪದ ಒಂದು ಮೂಲೆಯನ್ನು ಚೆನ್ನಾಗಿ ನೆನೆಸುತ್ತದೆ. ಒಣಸೀಮೆಯ ದೊಡ್ಡ ಬೆಳೆ ಕಾಯುವುದು ಅಕ್ಟೋಬರ್ ನಂತರ ಹಿಡಿಯುವ ಮಳೆಯನ್ನು. ಆ ಬೆಳೆಗೆ ‘ಮಹಾ’ ಎನ್ನುತ್ತಾರೆ, ಬೇಸಗೆಯ ಚಿಕ್ಕ ಬೆಳೆಗೆ ‘ಯಾಲ’. ಈ ಹುಣ್ಣಿಮೆ ಬರುವ ‘ವಪ್’ ತಿಂಗಳಲ್ಲೇ ಮಹಾ ಬೆಳೆಯ ಉಳುಮೆ. ಹಿಂದೆ ರಾಜನೇ ಮೊದಲ ನೇಗಿಲು ಹಿಡಿಯುತ್ತಿದ್ದನಂತೆ. ಒಂದೇ ಚಂದ್ರನ ಕೆಳಗೆ ಅಲ್ಲಿ ಹೊಲಕ್ಕೆ ಮದುವೆ, ಇಲ್ಲಿ ಸೀಮಂತ.

ಅಶೋಕವನದ ಸುದ್ದಿಯನ್ನು ಬೇಗ ಮುಗಿಸುತ್ತೇನೆ. ನುವಾರ ಎಲಿಯ ಹತ್ತಿರದ ಸೀತಾ ಎಲಿಯದಲ್ಲಿ ಹಳ್ಳದ ಪಕ್ಕ ಬಣ್ಣಬಣ್ಣದ ಗೋಪುರದ ಗುಡಿ. ಆ ಊರುಗಳು ಇರುವುದೇ ಹತ್ತಿರ ಹತ್ತಿರ 1,900 ಮೀಟರ್ ಎತ್ತರದಲ್ಲಿ. ಅತ್ತೆ ಕೈಮುಗಿದು, ಸೆರಗು ಬಿಗಿದು, “ಈ ಚಳೀಲಿ ಸೀತೆ ಮರದಡಿ ಹೇಗೆ ಕೂತಳೋ” ಎಂದವರೇ ಕಾರು ಹತ್ತಿದರು. ಅಲ್ಲಿಂದ ‘ಎಲ್ಲ’ ಎಂಬ ಊರಿಗೆ ಹಿಡಿದ ರೈಲಿನದ್ದೂ ಅಷ್ಟೇ. ಟಿಕೆಟ್ ಮಾಡಿಸಿಕೊಟ್ಟ ಪುಣ್ಯಾತ್ಮ ಕಾದಿರಿಸಿದ ಸೀಟು ಎಂದು ಹೇಳಿ ಕೊಟ್ಟದ್ದು ನಿಲ್ಲುವ ಟಿಕೆಟ್ಟು. ಆ ಊರಿನವರೆಗೂ ಗಂಡ, ಮಗಳು ಬಾಗಿಲಲ್ಲಿ ಚಹಾ ತೋಟ ನೋಡುತ್ತ ನಿಂತರು. ಅತ್ತೆಗೆ ಮಾತ್ರ ಯಾರೋ ಹುಡುಗ ಎದ್ದು ಜಾಗ ಕೊಟ್ಟ.

ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿರುವುದು ಕ್ಯಾಂಡಿಯಲ್ಲಿ ನಾವು ಉಳಿದಿದ್ದ ಮನೆಯ ಅಡುಗೆಕೋಣೆ. ಮನೆಯಾಕೆಗೆ ಸಿಂಹಳ, ಅತ್ತೆಗೆ ಕನ್ನಡ. ಇಬ್ಬರೂ ತಮ್ಮ ತಮ್ಮ ಭಾಷೆಯನ್ನೇ ಗಟ್ಟಿಯಾಗಿ ಆಡಿದರೆ ಸಾಕು ಎಂದು ನಂಬಿದವರು. ಒಲೆಯ ಪಕ್ಕ ಭರಣಿಯಲ್ಲಿ ಕರ್ರಗೆ ಮುದುರಿದ ಚೂರುಗಳಿದ್ದವು. ಅತ್ತೆ ಒಂದನ್ನೆತ್ತಿ ಮೂಸಿ ಕೂಗಿದರು, “ಉಪ್ಪಾಗೆ!” ಆಕೆ ಅಂದಳು, “ಗೊರಕ!” ಎರಡೂ ಒಂದೇ. ನಮ್ಮಲ್ಲಿ ಮಳೆಗಾಲದಲ್ಲಿ ಹಣ್ಣಾಗಿ ಬಿದ್ದದ್ದನ್ನು ಆರಿಸಿ, ಬಿಸಿಲಿಲ್ಲದ ದಿನಗಳಲ್ಲಿ ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಮಾರುತ್ತಾರೆ; ಬೀಜದಿಂದ ತುಪ್ಪ ತೆಗೆಯುತ್ತಾರೆ. ಇದನ್ನು ಯಾತಕ್ಕೆ ಹಾಕುತ್ತೀರಿ ಎಂದು ಅತ್ತೆ ಕೈಸನ್ನೆಯಲ್ಲಿ ಕೇಳಿದರು. ಆಕೆ ಅಂಗೈ ಅಲ್ಲಾಡಿಸಿ ಮೀನು ಈಜಿದಂತೆ ತೋರಿಸಿದಳು. ಉಪ್ಪಾಗೆ ತಕ್ಷಣ ಭರಣಿಗೆ ವಾಪಸ್ಸಾಯಿತು.

ಘಟ್ಟದ ಗಿಡ ಅಲ್ಲಿಗೆ ಹೋದದ್ದು ಹೇಗೆ? ಹಿಮಯುಗದಲ್ಲಿ ಸಮುದ್ರ ತಗ್ಗಿದ್ದಾಗ ನಡುವಿನ ಆಳವಿಲ್ಲದ ಕಡಲು ನೆಲವಾಗಿ, ಎರಡು ಕಡೆಗೂ ದಾರಿ ಇತ್ತು. ವಿಜ್ಞಾನಿಗಳು ಇಂದಿಗೂ ಪಶ್ಚಿಮ ಘಟ್ಟ ಮತ್ತು ಶ್ರೀಲಂಕೆಯನ್ನು ಸೇರಿಸಿ ಒಂದೇ ಜೀವವೈವಿಧ್ಯ ತಾಣವೆಂದು ಎಣಿಸುತ್ತಾರೆ. ಕಪಿಸೈನ್ಯ ಸೇತುವೆ ಕಟ್ಟುವ ಮೊದಲೇ ಗಿಡಮರಗಳು ದಾಟಿಯಾಗಿತ್ತು.

ಊಟದ ಕೊನೆಗೆ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಎಮ್ಮೆ ಮೊಸರು, ಮೇಲೆ ಕಂದು ಬಣ್ಣದ ಪಾಕ. ಜೋನಿಬೆಲ್ಲ ಅಂದುಕೊಂಡೆವು, ಸ್ವಲ್ಪ ಹೊಗೆಯ ವಾಸನೆ ಬೇರೆ. ಆಕೆ ಹಿತ್ತಲಿಗೆ ಕರೆದೊಯ್ದು ಮರ ತೋರಿಸಿದಳು: ಕಿತುಲ್. ಜಡೆ ಇಳಿಬಿಟ್ಟಂತೆ ಹೂಗೊನೆ, ಮೀನಿನ ರೆಕ್ಕೆಯಂಥ ಎಲೆ. “ಅಯ್ಯೋ, ಇದು ಬೈನೆ ಮರ ಅಲ್ವೇನೇ!” ನಮ್ಮ ಕಡೆ ಬೈನೆ ಅಂದರೆ ಹೆಂಡ, ಇಲ್ಲವೇ ಆನೆಯ ಮೇವು. ನಮ್ಮಂಥ ಮನೆಯ ಅಡುಗೆಕೋಣೆಗೆ ಅದು ಕಾಲಿಟ್ಟದ್ದೇ ಇಲ್ಲ. ಮಡಿಯ ದೆಸೆಯಿಂದ ಒಂದು ಸಿಹಿಯನ್ನೇ ಕಳೆದುಕೊಂಡೆವೇನೋ. ಅಲ್ಲಿ ಗೊನೆ ಕೊಯ್ದು, ಹುಳಿ ಹಿಡಿಯದಂತೆ ಮಡಕೆಗೆ ಯಾವುದೋ ತೊಗಟೆ ಹಾಕಿ, ಇಳಿದ ರಸವನ್ನು ಕಟ್ಟಿಗೆ ಒಲೆಯಲ್ಲಿ ಕುದಿಸಿ ಪಾಕ ಮಾಡುತ್ತಾರೆ. ಅತ್ತೆ ಎರಡನೆಯ ಸಲ ಮೊಸರು ಹಾಕಿಸಿಕೊಂಡರು.

ಅಲ್ಲಿಂದ ತಂದ ಪಾಕದ ಬಾಟಲಿ ಪೆಟ್ಟಿಗೆಯಲ್ಲಿ ಸೋರಿ ನನ್ನ ಎರಡು ಸೀರೆ ಹೋಯಿತು. ಕಾರ್ತಿಕದಲ್ಲಿ ಅತ್ತೆ, ಅಡಿಕೆ ಕೊನೆ ಕೊಯ್ಯಲು ಬರುವವನನ್ನು ಹಿತ್ತಲಿಗೆ ಕರೆದು ಗುಟ್ಟಾಗಿ ಬೈನೆ ರಸ ತರಿಸಿದರು. ಅವನು ಮುಸಿಮುಸಿ ನಗುತ್ತಲೇ ತಂದುಕೊಟ್ಟ. ಮಧ್ಯಾಹ್ನ ಬಚ್ಚಲೊಲೆಯ ಮೇಲೆ ಇಟ್ಟದ್ದೇ ತಡ, ಮನೆಯೆಲ್ಲ ಹೆಂಡದಂಗಡಿ ವಾಸನೆ. ಅತ್ತೆ ಮೂಗಿಗೆ ಸೆರಗು ಒತ್ತಿಕೊಂಡು ಪಾತ್ರೆ ಇಳಿಸಿದರು. “ಆ ತೊಗಟೆ ಯಾವುದು ಅಂತ ಕೇಳಿಕೊಂಡು ಬರಬೇಕಿತ್ತು ನೋಡು.”