ಮಳೆ ಅಲ್ಲಿ, ಮಹಾಪೂರ ಇಲ್ಲಿ!

ನೆತ್ತಿಯ ಮೇಲೆ ಒಂದು ಮೋಡವೂ ಇಲ್ಲ. ಹೊಲದಲ್ಲಿ ಹೆಸರು ಬಾಡುತ್ತಿದೆ. ತೊಗರಿ ಬಿತ್ತಿದ ರೈತ ಹಣೆಗೆ ಕೈ ಹಚ್ಚಿ ಮುಗಿಲು ನೋಡುತ್ತಿದ್ದಾನೆ. ಅಷ್ಟರಲ್ಲಿ ಊರೊಳಗೆ ಡಂಗುರ ಕೇಳಿಸುತ್ತದೆ: "ಹೊಳಿಗಿ ನೀರ್ ಬಿಡಾಕತ್ತಾರ, ಯಾರೂ ದಂಡಿಗಿ ಹೋಗಬ್ಯಾಡ್ರಿ!"

ಮಳೆಯೇ ಇಲ್ಲದ ಊರಿಗೆ ಮಹಾಪೂರ ಎಲ್ಲಿಂದ ಬಂತು? ಯಾದಗಿರಿ ಜಿಲ್ಲೆಯ ಮಕ್ಕಳು ಮಳೆಗಾಲದಲ್ಲಿ ಕೇಳುವ ಪ್ರಶ್ನೆ ಇದು. ಸುರಪುರ, ಶಹಾಪುರ ಸೀಮೆಯ ಮುತ್ಯಾಗಳಿಗೆ ಇದರ ಉತ್ತರ ಗೊತ್ತು. "ಹೊಳಿ ನಮ್ಮದು, ನೀರು ಮಂದಿದು" ಎಂದು ನಕ್ಕುಬಿಡುತ್ತಾರೆ. ಆ ನಗೆಯ ಹಿಂದೆ ದೊಡ್ಡ ಭೂಗೋಳ ಪಾಠವೇ ಇದೆ. ಪ್ರಾಣ ಉಳಿಸುವ ಬುದ್ಧಿಮಾತೂ ಇದೆ.

ಕೃಷ್ಣೆ ಮೆಟ್ಟಿಲು ಇಳಿಯುವ ಜಾಗ

ಕೃಷ್ಣಾ ನದಿ ಬಹಳಷ್ಟು ದೂರ ಬಯಲಿನಲ್ಲಿ ಸಾವಧಾನವಾಗಿ ಹರಿಯುತ್ತದೆ. ಆದರೆ ನಾರಾಯಣಪುರ ದಾಟಿದ ಮೇಲೆ ಅದರ ನಡಿಗೆಯೇ ಬದಲಾಗುತ್ತದೆ. ನೆಲ ಒಮ್ಮೆಲೇ ಕುಸಿದಂತೆ ಇಳಿಜಾರಾಗುತ್ತದೆ. ಒಂದು ದಂಡೆಗೆ ಯಾದಗಿರಿ ಜಿಲ್ಲೆ, ಇನ್ನೊಂದು ದಂಡೆಗೆ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕು. ನಡುವೆ ಗ್ರಾನೈಟ್ ಬಂಡೆಗಳನ್ನು ಸೀಳಿಕೊಂಡು, ಕವಲು ಕವಲಾಗಿ ಹರಿಯುವ ಹೊಳೆ. ನಡುಗಡ್ಡೆಯ ಮೇಲೆ ಜಲದುರ್ಗದ ಹಳೆಯ ಕೋಟೆ. ಬ್ರಿಟಿಷರ ಕಾಲದ ಗೆಜೆಟಿಯರ್‌ಗಳು ಇಲ್ಲಿ ನದಿ ಸುಮಾರು 3 ಮೈಲಿ ದೂರದಲ್ಲಿ 400 ಅಡಿಗಳಷ್ಟು ಕೆಳಗಿಳಿಯುತ್ತದೆ ಎಂದು ಬರೆದಿವೆ. ದಖ್ಖನ್ನಿನ ಮೇಲ್ನಾಡಿನಿಂದ ರಾಯಚೂರಿನ ಬಯಲಿಗೆ ಕೃಷ್ಣೆ ಇಳಿಯುವ ಮೆಟ್ಟಿಲು ಇದೇ.

ಬೇಸಿಗೆಯಲ್ಲಿ ಇಲ್ಲಿಗೆ ಬಂದರೆ ಕಲ್ಲಿನ ಕಾಡು ನೋಡಿದಂತಾಗುತ್ತದೆ. ನೀರು ತಿಕ್ಕಿ ತಿಕ್ಕಿ ನುಣುಪಾದ ಬಂಡೆಗಳು. ಕೆಲವು ಬಂಡೆಗಳಲ್ಲಿ ಅಜ್ಜಿಯ ಮನೆಯ ಒರಳಿನಂಥ ದುಂಡನೆಯ ಗುಳಿಗಳು. ಇವನ್ನು ಯಾರೂ ಉಳಿಯಿಂದ ಕಡಿದಿಲ್ಲ. ಸುಳಿಯಲ್ಲಿ ಸಿಕ್ಕ ಗುಂಡುಕಲ್ಲು ಒಂದೇ ಕಡೆ ಗಿರಗಿರ ತಿರುಗುತ್ತಾ, ಮಳೆಗಾಲದ ಮೇಲೆ ಮಳೆಗಾಲ ಸಾವಿರಾರು ವರ್ಷ ಅರೆದು ಮಾಡಿದ ಒರಳುಗಳಿವು. ಇಷ್ಟು ಗಟ್ಟಿ ಕಲ್ಲನ್ನೇ ಅರೆಯುವ ನೀರಿಗೆ ನಮ್ಮ ಮೈ ಯಾವ ಲೆಕ್ಕ!

ಮಳೆಗಾಲದಲ್ಲಿ ಇದೇ ಜಾಗ ಗುರುತೇ ಸಿಗುವುದಿಲ್ಲ. ಬಂಡೆಗಳೆಲ್ಲ ಮುಳುಗಿ, ಕೆಂಪು ಮಿಶ್ರಿತ ಕಂದು ನೀರು ಕುದಿಯುವ ಸಾರಿನ ಹಾಗೆ ಉಕ್ಕುತ್ತದೆ. ನೀರಿನ ಹನಿಗಳು ಹೊಗೆಯಂತೆ ಮೇಲೇಳುತ್ತವೆ. ನೋಡಲು ಎರಡು ಕಣ್ಣು ಸಾಲದು. ನಾರಾಯಣಪುರ ಅಣೆಕಟ್ಟಿನ ಕೆಳಗೆ ನದಿ ದಂಡೆಯಲ್ಲಿರುವ ಛಾಯಾ ಭಗವತಿ ಗುಡಿಗೆ ಉಳಿದ ದಿನಗಳಲ್ಲಿ ಭಕ್ತರು ಮೆಟ್ಟಿಲಿಳಿದು ಹೋಗಿ ಹೊಳೆಯಲ್ಲಿ ಮೀಯುತ್ತಾರೆ. ಹೊಳೆ ತುಂಬಿದಾಗ ಗುಡಿಗೇ ನೀರು ಸುತ್ತುವರಿಯುತ್ತದೆ. ಆಗ ದೂರದಿಂದಲೇ ಕೈ ಮುಗಿಯಬೇಕು.

ಒಂದು ಕ್ಷಣಕ್ಕೆ ಎಷ್ಟು ನೀರು?

ಈ ನೀರಿನ ತವರು ಮಹಾರಾಷ್ಟ್ರದ ಮಹಾಬಲೇಶ್ವರ. ಪಶ್ಚಿಮ ಘಟ್ಟದ ಆ ಊರಿನಲ್ಲಿ ನಮ್ಮ ಜಿಲ್ಲೆಗಿಂತ ಹಲವು ಪಟ್ಟು ಹೆಚ್ಚು ಮಳೆ ಸುರಿಯುತ್ತದೆ. ಅಲ್ಲಿ ಬಿದ್ದ ಮಳೆ ಹಳ್ಳಕೊಳ್ಳ, ಉಪನದಿಗಳನ್ನು ಸೇರಿ, ಆಲಮಟ್ಟಿಯ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರಕ್ಕೆ ಬರುತ್ತದೆ. ಅಲ್ಲಿ 26 ಗೇಟು. ಅಲ್ಲಿಂದ ಬಿಟ್ಟ ನೀರು ನಾರಾಯಣಪುರದ ಬಸವಸಾಗರಕ್ಕೆ ಬರುತ್ತದೆ. 1982ರಲ್ಲಿ ಮುಗಿದ ಈ ಅಣೆಕಟ್ಟು 10 ಕಿಲೋಮೀಟರ್‌ಗೂ ಹೆಚ್ಚು ಉದ್ದವಿದೆ. ಇದಕ್ಕೆ 30 ಗೇಟು. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 492.25 ಮೀಟರ್. ಜಲಾಶಯ ತುಂಬಿದ ಮೇಲೆ ಮೇಲಿನಿಂದ ಬಂದಷ್ಟು ನೀರನ್ನು ಕೆಳಗೆ ಬಿಡಲೇಬೇಕು. ಇಲ್ಲದಿದ್ದರೆ ಅಣೆಕಟ್ಟಿಗೇ ಅಪಾಯ.

ಪತ್ರಿಕೆಯಲ್ಲಿ "1 ಲಕ್ಷ ಕ್ಯೂಸೆಕ್ ನೀರು ಬಿಡುಗಡೆ" ಎಂದು ಓದುತ್ತೇವೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ 28 ಲೀಟರ್‌ಗೂ ಸ್ವಲ್ಪ ಹೆಚ್ಚು. ಮಕ್ಕಳೇ, ಒಂದು ಲೆಕ್ಕ ಮಾಡೋಣ. ನಿಮ್ಮ ತರಗತಿ ಕೋಣೆ 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ ಇದೆ ಎಂದುಕೊಳ್ಳಿ. ಅದರಲ್ಲಿ 4,000 ಘನ ಅಡಿ ನೀರು ಹಿಡಿಯುತ್ತದೆ. 1 ಲಕ್ಷ ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ ಅಂಥ 25 ಕೋಣೆ ತುಂಬುವಷ್ಟು ನೀರು! 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ ಸುಮಾರು 6 ಲಕ್ಷ ಕ್ಯೂಸೆಕ್ ನೀರು ಹರಿದುಬಂತು. ನೀವು ಒಮ್ಮೆ ರೆಪ್ಪೆ ಬಡಿದು ಕಣ್ಣು ತೆರೆದು ಮತ್ತೊಮ್ಮೆ ಬಡಿಯುವುದರೊಳಗೆ 150 ಕೋಣೆಯಷ್ಟು ನೀರು ಮುಂದೆ ಹೋಗಿರುತ್ತದೆ.

ನೀರಿನ ವೇಗ ಎರಡು ಪಟ್ಟಾದರೆ ಅದು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಕೆರೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಿಲ್ಲಬಲ್ಲ ಮನುಷ್ಯ, ರಭಸದ ಹಳ್ಳದಲ್ಲಿ ಮೊಣಕಾಲುಮಟ್ಟದ ನೀರಿಗೇ ಉರುಳಿಬೀಳುತ್ತಾನೆ. ಎರಡು ಅಡಿ ನೀರು ಹರಿಯುತ್ತಿದ್ದರೆ ಕಾರನ್ನೇ ತೇಲಿಸಿಕೊಂಡು ಹೋಗುತ್ತದೆ.

ಹೊಳೆಗಿಂತ ಹಳ್ಳವೇ ಮೋಸಗಾರ

ದೊಡ್ಡ ಹೊಳೆ ಬರುವ ಮುಂಚೆ ಸುದ್ದಿಯಾದರೂ ಬರುತ್ತದೆ. ಆಲಮಟ್ಟಿಯ ಲೆಕ್ಕ ಟಿ.ವಿ.ಯಲ್ಲಿ ಬರುತ್ತದೆ, ಡಂಗುರ ಸಾರುತ್ತಾರೆ. ಹಳ್ಳಕ್ಕೆ ಅದ್ಯಾವುದೂ ಇಲ್ಲ. ಮುಂಜಾನೆ ದನ ದಾಟಿಸಿದ ಒಣ ಹಳ್ಳ ಸಂಜೆ ಮರಳುವಾಗ ತುಂಬಿ ಹರಿಯುತ್ತಿರುತ್ತದೆ.

ನಮ್ಮ ಸೀಮೆಯ ನೆಲವೇ ಇದಕ್ಕೆ ಕಾರಣ. ಸುರಪುರ, ಶಹಾಪುರದ ಗುಡ್ಡಗಳನ್ನು ನೋಡಿ. ಶಹಾಪುರದ ಬಳಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟವನ್ನು ನೋಡಲು ದೂರದಿಂದ ಜನ ಬರುತ್ತಾರೆ. ಬರಿ ಬಂಡೆಯ ಈ ಗುಡ್ಡಗಳು ಮಳೆನೀರನ್ನು ಹೀರುವುದಿಲ್ಲ. ಮಾಳಿಗೆಯ ದೋಣಿಯಿಂದ ಸುರಿದಂತೆ ಅಷ್ಟೂ ನೀರು ಕೆಳಗಿಳಿದುಬಿಡುತ್ತದೆ. ಕೆಳಗೆ ಎರೆ ಹೊಲ. ಬೇಸಿಗೆಯಲ್ಲಿ ಎರೆ ಭೂಮಿ ಕಾಲು ಸಿಕ್ಕುವಷ್ಟು ಬಿರುಕು ಬಿಟ್ಟಿರುತ್ತದೆ. ಮೊದಲ ಮಳೆಯ ನೀರನ್ನು ಗಟಗಟ ಕುಡಿಯುತ್ತದೆ. ಕುಡಿದ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಿತೆಂದರೆ ಮುಗಿಯಿತು, ಆಮೇಲೆ ಬಿದ್ದ ನೀರು ಒಳಗಿಳಿಯದೆ ಮೇಲೆಯೇ ಹರಿದು ಹಳ್ಳ ಸೇರುತ್ತದೆ. ಹೀಗಾಗಿ ನಮ್ಮ ಹಳ್ಳಗಳು ಬೇಗ ಏರುತ್ತವೆ, ಬೇಗ ಇಳಿಯುತ್ತವೆ. ಆ ನಡುವಿನ ಕೆಲವೇ ತಾಸು ಅಪಾಯದ ಹೊತ್ತು. ತಾಳ್ಮೆಯಿಂದ ಈಚೆ ದಂಡೆಯಲ್ಲಿ ಕುಳಿತವನು ಬದುಕುತ್ತಾನೆ. ಮನೆಯಲ್ಲಿ ರೊಟ್ಟಿ ಆರುತ್ತದೆಂದು ಇಳಿದವನ ಕಥೆ ಹೇಳಲಾಗದು.

ಜಗತ್ತಿನ ಕೊರಕಲು ನಾಡುಗಳಲ್ಲೆಲ್ಲ ಇದೇ ಪಾಠ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಆಂಟಿಲೋಪ್ ಕ್ಯಾನ್ಯನ್ ಎಂಬ ಸುಂದರ ಕೊರಕಲಿದೆ. ಮರಳುಗಲ್ಲಿನ ಗೋಡೆಗಳು ಮಡಿಸಿಟ್ಟ ರೇಷ್ಮೆ ಸೀರೆಯಂತೆ ಕಾಣುತ್ತವೆ. ಆ ಮಡಿಕೆಗಳನ್ನು ಮಾಡಿದ್ದೂ ಹಠಾತ್ ಪ್ರವಾಹಗಳೇ. 1997ರ ಆಗಸ್ಟ್ 12ರಂದು ದೂರದಲ್ಲೆಲ್ಲೋ ಬಿದ್ದ ಮಳೆಯ ನೀರು ಇಕ್ಕಟ್ಟಾದ ಆ ಸಂದಿಯೊಳಗೆ ನುಗ್ಗಿ 11 ಪ್ರವಾಸಿಗರು ತೀರಿಕೊಂಡರು.

ನಮ್ಮ ದೇಶದಲ್ಲೂ ಇಂಥ ದುರಂತ ನಡೆದಿದೆ. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯ ಬಂಡೆಗಳ ಮೇಲೆ ಹೈದರಾಬಾದಿನ ವಿದ್ಯಾರ್ಥಿಗಳು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು ಅವರನ್ನು ಸುತ್ತುವರಿಯಿತು. 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಸುದ್ದಿ ಓದಿದ ಪ್ರತಿ ಮನೆಯ ಅಮ್ಮನಿಗೂ ಆ ದಿನ ತನ್ನ ಮಗುವೇ ಕಣ್ಮುಂದೆ ಬಂದಿತ್ತು.

ಗಡ್ಡಿಯ ಗಟ್ಟಿ ಜೀವಗಳು

ನಮ್ಮ ಕಡೆ ನದಿ ನಡುವಿನ ನೆಲಕ್ಕೆ 'ಗಡ್ಡಿ' ಎನ್ನುತ್ತಾರೆ. ಸುರಪುರ ಸೀಮೆಯ ನೀಲಕಂಠರಾಯನ ಗಡ್ಡಿ ಅಂಥದೊಂದು ಊರು. ಹೊಳೆ ಏರಿದರೆ ಸುತ್ತ ನೀರು, ನಡುವೆ ಊರು. 2014ರ ಜುಲೈ ಕೊನೆಯಲ್ಲಿ ಈ ಊರಿನ 22 ವರ್ಷದ ತುಂಬು ಗರ್ಭಿಣಿಯೊಬ್ಬರು ಹೆರಿಗೆಗೆ ಆಸ್ಪತ್ರೆ ಸೇರಬೇಕಿತ್ತು. ಊರಿಗೆ ಆಗ ಸೇತುವೆ ಇರಲಿಲ್ಲ. ಹೊಳೆ ಮಾಮೂಲಿಗಿಂತ 12ರಿಂದ 14 ಅಡಿ ಏರಿತ್ತು. ಆ ತಾಯಿ ಒಣಗಿದ ಸೋರೆಕಾಯಿಗಳನ್ನು ಮೈಗೆ ಕಟ್ಟಿಕೊಂಡರು. ಅಪ್ಪ, ಅಣ್ಣ, ಬಂಧುಗಳು ಸುತ್ತ ಕಾವಲಾಗಿ ಈಜಿದರು. ಹಾಗೆಯೇ ಹೊಳೆ ದಾಟಿ ಆಚೆ ದಂಡೆ ಸೇರಿದರು. ಸುದ್ದಿ ದೇಶ ವಿದೇಶಗಳಲ್ಲೆಲ್ಲ ಹರಡಿತು.

ಸೋರೆಕಾಯಿ ಏಕೆ? ಒಣಗಿದ ಸೋರೆಯ ಒಳಗೆಲ್ಲ ಬರಿ ಗಾಳಿ, ಹೊರಗೆ ಗಟ್ಟಿ ಸಿಪ್ಪೆ. ತೂಕ ಕಡಿಮೆ, ಸರಿಸುವ ನೀರು ಹೆಚ್ಚು. ಅದಕ್ಕೇ ತೇಲುತ್ತದೆ, ಕಟ್ಟಿಕೊಂಡವರನ್ನೂ ತೇಲಿಸುತ್ತದೆ. ಹೊಳೆ ದಂಡೆಯ ಹಿರಿಯರು ಈಜು ಕಲಿತದ್ದು ಹೀಗೇ. ಆದರೆ ಆ ತಾಯಿ ನೀರಿಗಿಳಿದದ್ದು ಸಾಹಸಕ್ಕಲ್ಲ, ಬೇರೆ ದಾರಿ ಇರಲಿಲ್ಲವೆಂದು. ಮೆಚ್ಚುವುದರ ಜೊತೆಗೆ ನಾವು ಕೇಳಬೇಕಾದದ್ದೂ ಇದೆ: ಹೆರಿಗೆಗೆ ಹೋಗುವ ಹೆಣ್ಣುಮಗಳು ಹೊಳೆ ಈಜುವ ಪರಿಸ್ಥಿತಿ ಯಾವ ಊರಿಗೂ ಏಕೆ ಬರಬೇಕು?

2019ರ ಮಹಾಪೂರದಲ್ಲಿ ಶಹಾಪುರದ ಆಚೆ ದಂಡೆ, ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯಲ್ಲಿ ಸೇತುವೆ ಮುಳುಗಿತ್ತು. ಮೃತದೇಹವೊಂದನ್ನು ಯಾದಗಿರಿ ಜಿಲ್ಲೆಯ ಊರಿಗೆ ಒಯ್ಯುತ್ತಿದ್ದ ಆಂಬುಲೆನ್ಸ್‌ಗೆ ದಾರಿ ಕಾಣಲಿಲ್ಲ. ಅದರಲ್ಲಿ ಮಕ್ಕಳೂ ಇದ್ದರು. ಊರಿನ ಬಾಲಕನೊಬ್ಬ ನೀರಿನಲ್ಲಿ ಮುಂದೆ ಮುಂದೆ ಓಡಿ ದಾರಿ ತೋರಿಸಿದ. ಅವನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು. ಅವನ ಒಳ್ಳೆಯ ಮನಸ್ಸಿಗೆ ಕೈ ಮುಗಿಯೋಣ. ಆದರೆ ಮಕ್ಕಳೇ, ಅವನಂತೆ ನೀರಿಗಿಳಿಯಬೇಡಿ. ಸೇತುವೆಯ ಮೇಲೆ ನೀರು ಹರಿಯುವಾಗ ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಯಾರಿಗೂ ಕಾಣುವುದಿಲ್ಲ.

ನೀರು ಹೇಳುವ ಸುಳಿವು

ಹಿರಿಯರು ಹೊಳೆಯನ್ನು ಪುಸ್ತಕದಂತೆ ಓದುತ್ತಿದ್ದರು. ನೀವೂ ಓದಲು ಕಲಿಯಿರಿ.

• ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ರಾಡಿಯಾದರೆ, ನೊರೆ, ಕಸಕಡ್ಡಿ ತೇಲಿಬಂದರೆ, ಹಿಂದೆಯೇ ದೊಡ್ಡ ನೀರು ಬರುತ್ತಿದೆ ಎಂದರ್ಥ.

• ಮೇಲಿನ ಕಡೆಯಿಂದ ಬಂಡಿ ಉರುಳಿದಂಥ ಸದ್ದು ಕೇಳಿದರೆ ಬಟ್ಟೆ, ಚಪ್ಪಲಿ, ಮೊಬೈಲು ಯಾವುದನ್ನೂ ಹುಡುಕದೆ ಮೇಲಕ್ಕೆ ಏರಿ. ಹಳ್ಳದ ಗುಂಟ ಓಡಬೇಡಿ. ನೀರು ನಿಮಗಿಂತ ಜೋರಾಗಿ ಓಡುತ್ತದೆ.

• ತಲೆಯ ಮೇಲಿನ ಮುಗಿಲನ್ನಷ್ಟೇ ನೋಡಬೇಡಿ. ಹಳ್ಳ ಬರುವ ದಿಕ್ಕಿನಲ್ಲಿ ಮೋಡ ಕಪ್ಪಾಗಿದೆಯೇ, ಮಿಂಚುತ್ತಿದೆಯೇ ನೋಡಿ.

• ಸೈರನ್ ಅಥವಾ ಡಂಗುರ ಕೇಳಿದ ಮೇಲೆ ಹೊಳೆ ನೋಡಲು ಹೋಗಬೇಡಿ. ನಡುಬಂಡೆಯ ಮೇಲೆ ನಿಂತು ಸೆಲ್ಫಿ ಬೇಡವೇ ಬೇಡ. ಎತ್ತರದ ದಂಡೆಯಿಂದ ಹೊಳೆ ಇನ್ನೂ ಚೆಂದ ಕಾಣುತ್ತದೆ.

• ಯಾರಾದರೂ ನೀರಿಗೆ ಬಿದ್ದರೆ ಹಿಂದೆ ಹಾರಬೇಡಿ. ಹಗ್ಗ, ಉದ್ದನೆಯ ಕೋಲು, ಮುಚ್ಚಳ ಬಿಗಿದ ಖಾಲಿ ಕೊಡ ಎಸೆಯಿರಿ, ಕೂಗಿ ದೊಡ್ಡವರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ.

ಅಜ್ಜ ಅಜ್ಜಿಯರಿಗೊಂದು ಕೆಲಸ

ಹಿರಿಯರೇ, ನಿಮ್ಮಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ಲೆಕ್ಕವಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ನಿಮಗೆ ನೆನಪಿರುತ್ತದೆ. ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನರ ಜೀವ ಹೋಯಿತು. ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಆಗ ನಿಮ್ಮೂರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಹನುಮಪ್ಪನ ಗುಡಿಯ ಕಟ್ಟೆಯವರೆಗೋ, ಶಾಲೆಯ ಹೊಸ್ತಿಲವರೆಗೋ? 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಎಲ್ಲಿ ನಿಂತಿತ್ತು?

ಈ ರಜೆಯಲ್ಲಿ ಮೊಮ್ಮಕ್ಕಳ ಕೈ ಹಿಡಿದುಕೊಂಡು ಹೋಗಿ ಆ ಕಲ್ಲು, ಆ ಕಂಬ, ಆ ಬೇವಿನ ಮರ ತೋರಿಸಿ. ಮಕ್ಕಳೇ, ನೀವು ಅಲ್ಲೊಂದು ಬಣ್ಣದ ಗೆರೆ ಎಳೆಯಿರಿ, ಪಕ್ಕದಲ್ಲಿ ಇಸವಿ ಬರೆಯಿರಿ. ನೋಟ್‌ಬುಕ್ಕಿನಲ್ಲಿ ಊರಿನ ನಕ್ಷೆ ಬಿಡಿಸಿ ಅದರಲ್ಲೂ ಗುರುತು ಮಾಡಿ. ನೀರು ಬಂದಾಗ ಓಡಬೇಕಾದ ಎತ್ತರದ ಜಾಗ ಯಾವುದೆಂದು ಮನೆಮಂದಿಯೆಲ್ಲ ಕೂತು ಮಾತಾಡಿ.

ಏಕೆಂದರೆ ಹೊಳೆ ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ, ಮರೆಯುವವರು ನಾವು. ಹತ್ತು ವರ್ಷ ನೀರು ಬರದಿದ್ದರೆ ಹಳ್ಳದ ಪಾತ್ರದಲ್ಲೇ ಮನೆ ಕಟ್ಟುತ್ತೇವೆ. ಮುತ್ಯಾ ತೋರಿಸಿ ಮೊಮ್ಮಗಳು ಎಳೆದ ಆ ಒಂದು ಗೆರೆ ಮುಂದೊಂದು ದಿನ ಊರನ್ನೇ ಕಾಯಬಹುದು.